ಬಿಚ್ಚುವ ಮಾತು, ಕೂರಿಸುವ ಮಾತು: ಹಳೆಯ ಯೆಜ್ಡಿಯ ರಿಪೇರಿ ಮತ್ತು ಕನ್ನಡ ಗದ್ಯ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಪಾದ್ರಿಯ ಬೈಸಿಕಲ್ ನೆನಪಿರುತ್ತದೆ. ಮಲೆನಾಡಿನ ಜನರ ಬಾಯಲ್ಲಿ ಅದು ‘ಬೀಸೆಕಲ್ಲು’ ಆಗಿಬಿಡುತ್ತದೆ. ತರಗತಿಯಲ್ಲಿ ಈ ಭಾಗ ಬಂದಾಗ ಮೊದಲು ಎಲ್ಲರೂ ನಗುತ್ತೇವೆ. ಆಮೇಲೆ ವಸಾಹತುಶಾಹಿ, ಮಿಷನರಿ, ಆಧುನಿಕತೆಯ ಪ್ರವೇಶ ಎಂದು ಟಿಪ್ಪಣಿ ಬರೆದುಕೊಳ್ಳುತ್ತೇವೆ. ಆ ಓದು ಸರಿಯಾದದ್ದೇ. ಆದರೆ ಆ ಪದವನ್ನು ಬರೀ ತಪ್ಪು ಉಚ್ಚಾರ ಎಂದು ಬಿಟ್ಟರೆ ಒಂದು ವಿಷಯ ಕೈತಪ್ಪುತ್ತದೆ. ಬೀಸೆಕಲ್ಲೂ ಒಂದು ಯಂತ್ರ. ಅದಕ್ಕೂ ಹಿಡಿ ಇದೆ, ಗೂಟ ಇದೆ, ತಿರುಗುವ ಭಾಗ ಇದೆ, ತಿರುಗದ ಭಾಗ ಇದೆ. ಮೈಯ ಬಲದಿಂದ ಸುತ್ತುವ ಹೊಸ ಸಾಧನವೊಂದು ಕಣ್ಣೆದುರು ಬಂದಾಗ ಆ ಜನ ತಮ್ಮ ಮನೆಯಲ್ಲಿ ದಿನಾ ಸುತ್ತುವ ಸಾಧನದ ಹೆಸರನ್ನೇ ಅದಕ್ಕೆ ತೊಡಿಸಿದರು. ಕಿವಿ ತಪ್ಪಿದ್ದರೂ ಕಣ್ಣು ತಪ್ಪಿರಲಿಲ್ಲ.

ನಮ್ಮ ವಿಮರ್ಶೆಗೆ ಯಂತ್ರದ ಮುಂದೆ ಇಷ್ಟು ಹೊತ್ತು ನಿಲ್ಲುವ ತಾಳ್ಮೆ ಇಲ್ಲ. ಬಸ್ಸು ಬಂದರೆ ನಗರ ಬಂತು, ರೈಲು ಬಂದರೆ ಅಗಲಿಕೆ ಬಂತು, ಅಕ್ಕಿ ಗಿರಣಿ ಬಂದರೆ ಬಂಡವಾಳ ಬಂತು. ಗಿರಣಿಯ ಬೆಲ್ಟು ಯಾಕೆ ಜಾರುತ್ತದೆ, ಜಾರಿದಾಗ ಏನು ಮಾಡುತ್ತಾರೆ ಎಂಬುದನ್ನು ಕಾದಂಬರಿಕಾರ ಬರೆದಿದ್ದರೂ ನಾವು ಆ ಸಾಲುಗಳನ್ನು ‘ವಿವರ’ ಎಂದು ಹಾರಿಸುತ್ತೇವೆ. ವಚನಗಳ ಕಾಯಕದ ಬಗ್ಗೆ ನಮ್ಮಲ್ಲಿ ಕಪಾಟುಗಟ್ಟಲೆ ಬರವಣಿಗೆ ಇದೆ. ಅಂಬಿಗ, ಮಾದಾರ, ಕಂಬಾರ, ನೇಕಾರ ಎಲ್ಲರೂ ಅಲ್ಲಿ ತತ್ವಗಳಾಗಿದ್ದಾರೆ. ಹುಟ್ಟು ಹಿಡಿಯುವುದು ಹೇಗೆಂದು ಕೇಳಿದವರು ಕಡಿಮೆ.

ಈ ಅನುಮಾನ ನನ್ನಲ್ಲಿ ಗಟ್ಟಿಯಾದದ್ದು ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರಿನಲ್ಲಿ, ಸೋದರಮಾವನ ಹಳೆಯ ಯೆಜ್ಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾಗ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಈ ಊರಿನದೇ ಹೆಸರು. ಹತ್ತಿ, ರಾಗಿಯ ಹೊಲ ಮುಗಿದಲ್ಲಿ ಕಾಡು ಶುರು. ಕತ್ತಲಾದ ಮೇಲೆ ದಾರಿಯಲ್ಲಿ ಗಾಡಿ ನಿಂತರೆ ಆನೆಯ ಯೋಚನೆ ಮೊದಲು, ಮೆಕ್ಯಾನಿಕ್ಕಿನ ಯೋಚನೆ ಆಮೇಲೆ. ಹಾಗಾಗಿ ಅಲ್ಲಿ ಗಾಡಿ ಇಟ್ಟವರು ಸೀಟಿನ ಕೆಳಗೆ ಒಂದು ಪ್ಲಗ್ಗು, ಒಂದು ಬಾಕ್ಸ್ ಸ್ಪ್ಯಾನರ್ ಇಟ್ಟುಕೊಂಡೇ ಇರುತ್ತಾರೆ. ರಿಪೇರಿ ಅಲ್ಲಿ ಹವ್ಯಾಸ ಅಲ್ಲ. ಪಂಪ್‌ಸೆಟ್ ನೋಡಿಕೊಳ್ಳುವ ಕೈಯೇ ಬೈಕನ್ನೂ ನೋಡಿಕೊಳ್ಳುತ್ತದೆ. ನಾನೊಬ್ಬ ಅದನ್ನು ಮೊದಲ ಸಲ ಮಾಡಲು ಹೊರಟಿದ್ದೆ, ಅದೂ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ.

ಯೆಜ್ಡಿಯ ಬಗ್ಗೆ ಎರಡು ಮಾತು ಹೇಳಬೇಕು, ಯಾಕೆಂದರೆ ಇದು ಮೈಸೂರಿನದೇ ಗಾಡಿ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ 1960ರಲ್ಲಿ ಕಟ್ಟಿದ ಐಡಿಯಲ್ ಜಾವಾ ಕಂಪನಿ ಯಾದವಗಿರಿಯ ಕಾರ್ಖಾನೆಯಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂಬ ಹೆಸರಲ್ಲಿ ಮಾರಾಟವಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಎಂಜಿನ್ ಟೂ ಸ್ಟ್ರೋಕ್ ಆದ್ದರಿಂದ ಕೀಲೆಣ್ಣೆಗೆ ಬೇರೆ ತೊಟ್ಟಿ ಇಲ್ಲ, ಪೆಟ್ರೋಲಿಗೇ ಬೆರೆಸಿ ಹಾಕಬೇಕು. ಎಡಗಡೆ ಇರುವುದು ಒಂದೇ ಪೆಡಲು. ಒಳಕ್ಕೆ ಒತ್ತಿ ಎತ್ತಿದರೆ ಅದು ಕಿಕ್ಕರ್, ಗಾಡಿ ಶುರುವಾದ ಮೇಲೆ ಮುಂದಕ್ಕೆ ಮಡಚಿದರೆ ಅದೇ ಗೇರು. ‘ಕೀಲೆಣ್ಣೆ’ ಎಂದು ಬೇಕೆಂದೇ ಬರೆದೆ. ಎತ್ತಿನ ಗಾಡಿಯ ಕೀಲಿಗೆ ಹಾಕುತ್ತಿದ್ದ ಎಣ್ಣೆಯ ಹೆಸರು ಶಾಲೆಯ ವಿಜ್ಞಾನ ಪುಸ್ತಕದವರೆಗೆ ಬಂದು ಕೂತಿದೆ. ಎತ್ತಿನ ಗಾಡಿಯೂ ಗಾಡಿ, ಬೈಕೂ ಗಾಡಿ ಎನ್ನುವುದು ನಮ್ಮ ಕಡೆ ಇವತ್ತಿಗೂ ನಡೆಯುವ ಮಾತು.

ಮಾವನ ಗಾಡಿ ರೋಡ್‌ಕಿಂಗಿಗಿಂತ ಹಳೆಯದು, ಆರು ವೋಲ್ಟಿನ ಬ್ಯಾಟರಿ, ಡೈನಮೋ ಇರುವಂಥದ್ದು. ಹತ್ತಿ ಮೂಟೆಗಳ ಹಿಂದೆ ವರ್ಷಗಟ್ಟಲೆ ನಿಂತಿತ್ತು. ಅದನ್ನು ಬಲ್ಲ ಮೆಕ್ಯಾನಿಕ್ ಸರಗೂರಿನಲ್ಲಿ ಒಬ್ಬರೇ, ಅವರೂ ವಯಸ್ಸಾಗಿ ಅಂಗಡಿ ಮುಚ್ಚಿದ್ದಾರೆ. ಮಾವ ಫೋನ್ ಹಚ್ಚಿಕೊಟ್ಟರು. ‘ನಾನ್ ಬರಕ್ಕಾಗಲ್ಲ ಮೇಷ್ಟ್ರೇ, ಮಂಡಿ ನೋವು. ನೀವೇ ಬಿಚ್ಚಿ, ನಾನ್ ಇಲ್ಲಿಂದ ಹೇಳ್ತೀನಿ’ ಎಂದರು. ನಾನು ಮೇಷ್ಟ್ರಲ್ಲ. ಆದರೆ ಕೋಟೆ ಸೀಮೆಯಲ್ಲಿ ಪುಸ್ತಕ ಹಿಡಿದವರೆಲ್ಲ ಮೇಷ್ಟ್ರೇ.

ಅವರ ಮೊದಲ ಪ್ರಶ್ನೆ: ‘ಕಿಕ್ ಹೊಡುದ್ರೆ ಏನಂತದೆ?’

‘ಸ್ಟಾರ್ಟ್ ಆಗ್ತಿಲ್ಲ ಅಣ್ಣ.’

‘ಅದು ನಂಗೊತ್ತು. ಏನಂತದೆ ಹೇಳಿ. ಬುಸ್ಸಂತದಾ, ಕೊಸಕ್ಕಂತದಾ, ಟಪ್ಪಂತ ಕಾಲಿಗೆ ವಾಪಸ್ ಹೊಡೀತದಾ?’

ಈ ಮೂರು ಸದ್ದುಗಳ ಒಳಗೆ ಎಂಜಿನ್ನಿನ ಅರ್ಧ ಶಾಸ್ತ್ರ ಇದೆ ಎಂದು ಆಮೇಲೆ ತಿಳಿಯಿತು. ಬುಸ್ಸೆಂದರೆ ಪಿಸ್ಟನ್ ಅಮುಕಿದ ಗಾಳಿ ಎಲ್ಲಿಂದಲೋ ಸೋರಿ ಹೋಗುತ್ತಿದೆ, ಹೆಡ್ಡಿನ ಪ್ಯಾಕಿಂಗನ್ನೋ ಪ್ಲಗ್ಗಿನ ವಾಷರನ್ನೋ ನೋಡಬೇಕು. ಕೊಸಕ್ಕೆಂದರೆ ಒಳಗೆ ಪೆಟ್ರೋಲು ತುಂಬಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಟಪ್ಪೆಂದು ಪೆಡಲು ಕಾಲನ್ನು ಹಿಂದಕ್ಕೆ ತಳ್ಳಿದರೆ ಕಿಡಿ ಇದೆ, ಅದು ಹಾರುವ ಹೊತ್ತು ಸರಿಯಿಲ್ಲ. ನಮ್ಮದು ಕೊಸಕ್.

ಹೈಸ್ಕೂಲಿನಲ್ಲಿ ನಾವೆಲ್ಲ ಅನುಕರಣಾವ್ಯಯ ಕಲಿತಿದ್ದೇವೆ: ಪಟಪಟ, ಸರಸರ, ಧಗಧಗ. ಒಂದು ಅಂಕದ ಪ್ರಶ್ನೆ. ಕಾವ್ಯ ಓದುವಾಗ ಅದನ್ನು ನಾದ ಎನ್ನುತ್ತೇವೆ, ಅಲಂಕಾರದ ನೆಂಟನಂತೆ ನೋಡುತ್ತೇವೆ. ಸರಗೂರಿನ ಫೋನಿನಾಚೆ ಅದು ರೋಗ ಹಿಡಿಯುವ ಸಾಧನ. ವೈದ್ಯರಿಗೆ ಸ್ಟೆತಸ್ಕೋಪ್ ಹೇಗೋ ಹಾಗೆ. ಜಾಗ ಕಾಣದ, ಮುಟ್ಟಲಾಗದ ದೋಷವೊಂದನ್ನು ದೂರದ ಇನ್ನೊಬ್ಬನ ತಲೆಯೊಳಗೆ ಇರಿಸಲು ಕನ್ನಡದಲ್ಲಿ ಇದಕ್ಕಿಂತ ನಿಖರವಾದ ದಾರಿ ಇಲ್ಲ. ಅನುಕರಣಾವ್ಯಯಕ್ಕೆ ಲಿಂಗ ವಚನ ವಿಭಕ್ತಿಗಳ ಹಂಗಿಲ್ಲ ಎನ್ನುತ್ತದೆ ವ್ಯಾಕರಣ. ‘ಕೊಸಕ್’ ಮತ್ತು ‘ಕೊಸ’ ಬೇರೆ ಬೇರೆ ಕಾಯಿಲೆಗಳು ಎಂಬುದನ್ನು ವ್ಯಾಕರಣ ಹೇಳುವುದಿಲ್ಲ.

ಕೆಲಸ ಹೀಗೆ ನಡೆಯಿತು. ಪ್ಲಗ್ಗು ಬಿಚ್ಚಿದರೆ ತುದಿ ಒದ್ದೆ, ಮಸಿ. ಒರೆಸಿ, ವಯರಿಗೆ ಸಿಕ್ಕಿಸಿ, ಲೋಹದ ಮೈಯನ್ನು ಎಂಜಿನ್ನಿನ ರೆಕ್ಕೆಗೆ ಮುಟ್ಟಿಸಿ ಹಿಡಿದು ಕಿಕ್ ಹೊಡೆದರೆ ಕಿಡಿ ಬಂತು, ಹಳದಿ ಬಣ್ಣದ್ದು, ಬಡಕಲು. ‘ನೀಲಿ ಇರ್ಬೇಕು, ಚಟ್ ಅನ್ಬೇಕು.’ ಬ್ಯಾಟರಿ ಚಾರ್ಜ್ ಮಾಡಿಸಿದ್ದೆವು, ಆದ್ದರಿಂದ ಪಾಯಿಂಟ್ ನೋಡುವ ಸರದಿ. ಬಲಗಡೆಯ ಕವರ್ ತೆಗೆದರೆ ಡೈನಮೋ, ಅದರ ಮುಖದ ಮೇಲೆ ಸಣ್ಣ ಜೋಡಿ ಲೋಹದ ತುಟಿಗಳು. ಎಂಜಿನ್ ಒಂದು ಸುತ್ತು ಸುತ್ತಿದಾಗ ಅವು ಒಮ್ಮೆ ಬಾಯಿ ಬಿಡುತ್ತವೆ. ಬಾಯಿ ಬಿಟ್ಟ ಕ್ಷಣದಲ್ಲಿ ಕಾಯಿಲ್‌ನಲ್ಲಿ ಹರಿಯುತ್ತಿದ್ದ ಕರೆಂಟು ಕಡಿದುಹೋಗುತ್ತದೆ, ಆ ಕಡಿತವೇ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ವರ್ಷಾನುಗಟ್ಟಲೆ ಹೀಗೆ ಬಾಯಿ ತೆರೆದು ಮುಚ್ಚಿ ತುಟಿಗಳ ಮೇಲೆ ಕಪ್ಪು ಕಟ್ಟಿತ್ತು, ಗುಳಿ ಬಿದ್ದಿತ್ತು. ನುಣುಪಾದ ಉಪ್ಪುಕಾಗದದಲ್ಲಿ ಉಜ್ಜಿ, ಪೆಟ್ರೋಲು ಮುಟ್ಟಿಸಿದ ಬಟ್ಟೆಯಲ್ಲಿ ಒರೆಸಿ, ಸಂದು ಸರಿಮಾಡಬೇಕು. ಸಂದು ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಭಾಗದ ಆಸುಪಾಸು ಇರಬೇಕು. ಅಳೆಯಲು ಫೀಲರ್ ಗೇಜ್ ಎಂಬ ಉಕ್ಕಿನ ಎಲೆಗಳ ಗೊಂಚಲು ಸಿಗುತ್ತದೆ. ಅದು ನಮ್ಮಲ್ಲಿರಲಿಲ್ಲ. ‘ವಿಸಿಟಿಂಗ್ ಕಾರ್ಡ್ ಇದ್ಯಾ? ಅದು ಉಜ್ಕಂಡ್ ಹೋಗ್ಬೇಕು, ಸಿಕ್ಕಾಕೋಬಾರ್ದು, ಬಿದ್ದೂ ಹೋಗ್ಬಾರ್ದು.’ ಪ್ಲಗ್ಗಿನ ಸಂದಿಗೆ ಹ್ಯಾಕ್ಸಾ ಬ್ಲೇಡಿನ ಚೂರು. ಕಾರ್ಬೊರೇಟರಿನ ಜೆಟ್ಟಿನಲ್ಲಿ ಹಳೆಯ ಪೆಟ್ರೋಲು ಅಂಟಾಗಿ ಕಟ್ಟಿಕೊಂಡಿದ್ದಕ್ಕೆ ಪೊರಕೆ ಕಡ್ಡಿ. ತಂತಿ ಬೇಡ, ಯಾಕೆಂದರೆ ಜೆಟ್ಟು ಹಿತ್ತಾಳೆ, ತಂತಿ ಆಡಿಸಿದರೆ ತೂತು ದೊಡ್ಡದಾಗಿ ಗಾಡಿ ಕುಡಿಯಲು ಶುರು ಮಾಡುತ್ತದೆ. ಮಾರನೆಯ ದಿನ ಹೆಡ್ಡನ್ನೂ ಬಿಚ್ಚಿ ಮಸಿ ಕೆರೆದೆವು. ಮತ್ತೆ ಕೂರಿಸುವಾಗ ಫೋನಿನಲ್ಲಿ ಬಂದ ಮಾತು: ‘ನಾಲ್ಕ್ ನಟ್ಟೂ ಮೊದ್ಲು ಬೆರಳಲ್ಲೇ ಹಿಡ್ಸಿ. ಆಮೇಲೆ ಎದ್ರು ಬದ್ರು ವಸಿ ವಸಿ ಬಿಗೀರಿ. ಒಂದೇ ಕಡೆ ಬಿಗುದ್ರೆ ಇನ್ನೊಂದ್ ಕಡೆ ಎದ್ಕತದೆ.’

ಎರಡು ದಿನದ ಆ ಮಾತುಕತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಸಂಶೋಧನೆಯ ಚಟ. ಓದಿ ನೋಡಿದರೆ ಒಂದು ವಿಚಿತ್ರ ಕಂಡಿತು. ಹೆಸರುಗಳೆಲ್ಲ ಸಾಲದವು. ಪ್ಲಗ್ಗು, ಪಾಯಿಂಟು, ಜೆಟ್ಟು, ಹೆಡ್ಡು, ಸೈಲೆನ್ಸರು ಇಂಗ್ಲಿಷಿನಿಂದ. ಸ್ಪ್ಯಾನರಿಗೆ ಅವರು ಹೇಳುವ ಪಾನಾ ಹಿಂದೂಸ್ತಾನಿಯಿಂದ. ಕ್ರಿಯಾಪದಗಳು ಮಾತ್ರ ಒಂದೂ ಸಾಲದ್ದಲ್ಲ. ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಬೇರಿಂಗು ಕೂರುತ್ತದೆ. ಗೇರು ಬೀಳುತ್ತದೆ. ಕ್ಲಚ್ಚು ಹಿಡಿಯುತ್ತದೆ, ಇಲ್ಲವೇ ಜಾರುತ್ತದೆ. ಎಂಜಿನ್ನು ಎಣ್ಣೆ ಕುಡಿಯುತ್ತದೆ, ಸೈಲೆನ್ಸರು ಉಗುಳುತ್ತದೆ, ಸವೆದ ನಟ್ಟು ಸುಮ್ಮನೆ ಸುತ್ತುತ್ತದೆ. ಇವೆಲ್ಲ ದನಕ್ಕೆ, ಮನುಷ್ಯರ ಮೈಗೆ, ಹೊಲದ ಕೆಲಸಕ್ಕೆ ಬಳಸುವ ಮಾತುಗಳು. ಕ್ರಿಯಾಪದಕ್ಕೆ ‘ಇಸು’ ಸೇರಿದಾಗ ಅರ್ಥ ಇನ್ನೂ ಸೂಕ್ಷ್ಮವಾಗುತ್ತದೆ. ‘ಬಡೀಬೇಡಿ, ಕೂರ್ಸಿ’ ಎಂದರೆ ಆ ಭಾಗಕ್ಕೆ ತನ್ನದೇ ಜಾಗ ಇದೆ, ಅದು ತಾನಾಗಿ ಹೋಗಿ ಕೂರುವಂತೆ ನೀನು ದಾರಿ ಮಾಡಿಕೊಡು ಎಂದರ್ಥ. ‘ಹಿಡಿಸು’, ‘ಮುಟ್ಟಿಸು’, ‘ಕಚ್ಚಿಸು’ ಎಲ್ಲದರಲ್ಲೂ ಬಲದ ಬೇರೆ ಬೇರೆ ಅಳತೆ. ಇಂಗ್ಲಿಷ್ ಕೈಪಿಡಿಗಳು ಇಷ್ಟು ತಿರುಗಣೆ ಬಲದಲ್ಲಿ ಬಿಗಿ ಮಾಡು ಎಂದು ಅಂಕಿ ಕೊಡುತ್ತವೆ. ಟಾರ್ಕ್ ರೆಂಚ್ ಇಲ್ಲದ ಊರಿನಲ್ಲಿ ಆ ಅಂಕಿಯ ಕೆಲಸವನ್ನು ಕ್ರಿಯಾಪದ ಮಾಡುತ್ತದೆ.

ಇದನ್ನು ಎದುರಿಗಿಟ್ಟುಕೊಂಡು ನಮ್ಮ ಪಾರಿಭಾಷಿಕ ಪದಗಳ ಚರ್ಚೆಯನ್ನು ನೋಡಬೇಕು. ಕನ್ನಡದಲ್ಲಿ ವಿಜ್ಞಾನ, ತಂತ್ರಜ್ಞಾನ ಬರೆಯುವುದು ಹೇಗೆ ಎಂಬ ಪ್ರಶ್ನೆ ಬಂದಾಗಲೆಲ್ಲ ನಾವು ಹೆಸರುಗಳ ಹಿಂದೆ ಹೋದೆವು. ಎಂಜಿನ್ನಿಗೆ ‘ಅಂತರ್ದಹನ ಯಂತ್ರ’, ಕಂಪ್ರೆಷನ್ನಿಗೆ ‘ಸಂಪೀಡನ’. ಒಂದು ಗುಂಪು ಸಂಸ್ಕೃತದಿಂದ ತಂದಿತು, ಇನ್ನೊಂದು ಗುಂಪು ಅಚ್ಚಗನ್ನಡದಲ್ಲಿ ಕಟ್ಟಿತು, ಮೂರನೆಯದು ಇಂಗ್ಲಿಷೇ ಇರಲಿ ಎಂದಿತು. ಮೂವರೂ ಜಗಳವಾಡಿದ್ದು ನಾಮಪದದ ಮೇಲೆ. ಸರಗೂರಿನ ಮೆಕ್ಯಾನಿಕ್ ಸಂಪೀಡನದ ಬಗ್ಗೆ ಕೇಳಿದ್ದು ಹೀಗೆ: ‘ಕಾಲಿಗೆ ಎದುರು ಕೊಡ್ತದಾ?’ ಕಿಕ್ಕರ್ ಒತ್ತಿದಾಗ ಒಳಗಿನ ಗಾಳಿ ಅಂಗಾಲನ್ನು ತಡೆಯುತ್ತದೆಯೇ ಎಂಬುದು ಪ್ರಶ್ನೆ. ಅಲ್ಲಿ ಪದ ಸೃಷ್ಟಿ ಇಲ್ಲ, ಒಂದು ವಾಕ್ಯ ಇದೆ. ಜ್ಞಾನ ಆ ವಾಕ್ಯದಲ್ಲಿದೆ. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕೂತು ಬರೆದ ಸಾಹಸಕ್ಕೆ ನಾವು ತೋರುವ ಗೌರವ ದೊಡ್ಡದು, ಅವರ ವಾಕ್ಯರಚನೆಯನ್ನು ಗದ್ಯವೆಂದು ಓದುವ ಕೆಲಸ ಮಾತ್ರ ಬಾಕಿ ಇದೆ. ಯಾವ ಕ್ರಿಯಾಪದಕ್ಕೆ ಅವರು ಕೈ ಹಾಕಿದರು, ಎಲ್ಲಿ ಕೈ ಬಿಟ್ಟರು? ಕಾದಂಬರಿಗೆ ಕೇಳುವ ಇಂಥ ಪ್ರಶ್ನೆಯನ್ನು ನಾವು ವಿಜ್ಞಾನ ಬರಹಕ್ಕೆ ಕೇಳುವುದಿಲ್ಲ.

ತೇಜಸ್ವಿ ಇದ್ದಾರಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೌದು, ಇದ್ದಾರೆ. ಯಾವುದೇ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ಬೆರಗಿಲ್ಲದೆ, ಸುಸ್ತಿಲ್ಲದೆ ಹೇಳುವ ಗದ್ಯ ಅವರಿಂದ ಬಂತು. ಗಾಳ, ಕೋವಿ, ಕ್ಯಾಮೆರಾ, ಕೊನೆಗೆ ಕನ್ನಡದ ಕಂಪ್ಯೂಟರ್ ತಂತ್ರಾಂಶದವರೆಗೆ ಅವರ ಆಸಕ್ತಿ ಹೋಯಿತು. ಆದರೂ ‘ಕರ್ವಾಲೋ’ (1980) ಓದುವಾಗ ನನಗೊಂದು ತಕರಾರು ಇದೆ. ಮಂದಣ್ಣನಿಗೆ ಕಾಡು ಗೊತ್ತು, ಜೇನು ಗೊತ್ತು, ಹಾರುವ ಓತಿ ಗೊತ್ತು. ಆದರೆ ಅವನಿಗೆ ಗೊತ್ತಿದೆ ಎಂದು ನಿರೂಪಕನಿಗೂ ನಮಗೂ ಗೊತ್ತಾಗುವುದು ವಿಜ್ಞಾನಿ ಕರ್ವಾಲೋ ಅವನನ್ನು ಗುರುತಿಸಿದ ಮೇಲೆ. ಪದವಿ ಇದ್ದವನು ಕಣ್ಣಿಟ್ಟ ಮೇಲಷ್ಟೇ ಪದವಿ ಇಲ್ಲದವನ ಅರಿವು ಅರಿವಾಗುತ್ತದೆ. ಕಾದಂಬರಿ ಇದನ್ನು ಬಲ್ಲದು, ಅದರ ಹಾಸ್ಯದ ಬಹುಪಾಲು ಇದರ ಮೇಲೇ ನಿಂತಿದೆ. ಅದನ್ನು ಮೆಚ್ಚುವ ನಾವು ಮಾತ್ರ ಮಂದಣ್ಣನನ್ನು ‘ಮುಗ್ಧ ಪ್ರತಿಭೆ’ ಎಂದು ಕರೆದು ಮುಂದೆ ಹೋಗುತ್ತೇವೆ. ಮುಗ್ಧತೆಯಿಂದ ಯಾರೂ ಜೇನು ಹಿಡಿಯುವುದಿಲ್ಲ.

ಮೋಟಾರ್‌ಸೈಕಲ್ ರಿಪೇರಿ ಮತ್ತು ಸಾಹಿತ್ಯ ಎಂದ ಕೂಡಲೇ ಓದುಗರ ನೆನಪಿಗೆ ಬರುವುದು ರಾಬರ್ಟ್ ಪಿರ್ಸಿಗ್ 1974ರಲ್ಲಿ ಬರೆದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’. ಹಾಸ್ಟೆಲಿನ ಪ್ರತಿ ಮಹಡಿಯಲ್ಲೂ ಅದರದೊಂದು ಪ್ರತಿ ಇರುತ್ತದೆ, ಬಹಳ ಮಂದಿ ಅರ್ಧಕ್ಕೆ ನಿಲ್ಲಿಸಿರುತ್ತಾರೆ. ಅದರಲ್ಲಿ ನನಗೆ ಇಷ್ಟವಾದದ್ದು ತತ್ವಜ್ಞಾನದ ಭಾಗ ಅಲ್ಲ, ಬಿಯರ್ ಡಬ್ಬಿಯ ಪ್ರಸಂಗ. ಗೆಳೆಯನ ದುಬಾರಿ ಬಿಎಂಡಬ್ಲ್ಯು ಬೈಕಿನ ಹ್ಯಾಂಡಲ್ ಸಡಿಲವಾಗಿದೆ. ಡಬ್ಬಿಯ ತಗಡಿನ ಚೂರು ಸಂದಿಗೆ ಇಟ್ಟರೆ ಸಾಕು ಎಂದು ನಿರೂಪಕ ಹೇಳುತ್ತಾನೆ. ಗೆಳೆಯನಿಗೆ ಅವಮಾನವಾಗುತ್ತದೆ. ಈ ಜಗಳದಿಂದ ಪಿರ್ಸಿಗ್ ಎರಡು ಬಗೆಯ ಮನಸ್ಸುಗಳನ್ನು ಕಟ್ಟುತ್ತಾನೆ: ವಸ್ತುವಿನ ಹೊರರೂಪ ನೋಡುವ ಮನಸ್ಸು, ಒಳರಚನೆ ನೋಡುವ ಮನಸ್ಸು.

ಈ ವಿಂಗಡಣೆ ನಮ್ಮ ಕಡೆ ಹಾಗೇ ಕೂರುವುದಿಲ್ಲ. ಪಿರ್ಸಿಗ್‌ನ ಇಬ್ಬರು ಗೆಳೆಯರೂ ಒಂದೇ ಅಂತಸ್ತಿನವರು, ಇಬ್ಬರಿಗೂ ಸ್ವಂತ ಬೈಕು ಇದೆ, ರಜೆ ಇದೆ. ಪಾನಾ ಹಿಡಿಯುವುದು ಬಿಡುವುದು ಅವರಿಗೆ ಸ್ವಭಾವದ ವಿಷಯ. ಇಲ್ಲಿ ಅದನ್ನು ಯಾವ ಮನೆಯಲ್ಲಿ ಹುಟ್ಟಿದೆ ಎಂಬುದು ತೀರ್ಮಾನಿಸುತ್ತದೆ. ಓದಿದವನ ಕೈಗೆ ಗ್ರೀಸ್ ಅಂಟಿದರೆ ಮನೆಯವರು ‘ಇದಕ್ಕಾ ಓದ್ಸಿದ್ದು’ ಎನ್ನುತ್ತಾರೆ. ಮೆಕ್ಯಾನಿಕ್ ಅಂಗಡಿಯಲ್ಲಿ ಹತ್ತನೇ ಕ್ಲಾಸಿಗೆ ಮುಂಚೆಯೇ ಬಂದು ಸೇರಿದ ಹುಡುಗನಿಗೆ ಯಾರೂ ಏನೂ ಅನ್ನುವುದಿಲ್ಲ. ಬಿಯರ್ ಡಬ್ಬಿಯ ಬದಲು ವಿಸಿಟಿಂಗ್ ಕಾರ್ಡ್ ಬಳಸುವುದು ಅವನಿಗೆ ತತ್ವವೂ ಅಲ್ಲ, ಅವಮಾನವೂ ಅಲ್ಲ, ಗೇಜ್ ಇಲ್ಲ ಅಷ್ಟೇ. ಮ್ಯಾಥ್ಯೂ ಕ್ರಾಫರ್ಡ್ 2009ರಲ್ಲಿ ಬರೆದ ‘ಶಾಪ್ ಕ್ಲಾಸ್ ಆ್ಯಸ್ ಸೋಲ್‌ಕ್ರಾಫ್ಟ್’ ಇನ್ನೂ ಮುಂದೆ ಹೋಗುತ್ತದೆ. ರಾಜಕೀಯ ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವನು ಚಿಂತಕರ ಸಂಸ್ಥೆಯ ಕೆಲಸ ಬಿಟ್ಟು ಬೈಕ್ ರಿಪೇರಿ ಅಂಗಡಿ ಇಡುತ್ತಾನೆ, ಕೈಕೆಲಸದಲ್ಲಿ ಬುದ್ಧಿ ಇದೆ ಎಂದು ವಾದಿಸುತ್ತಾನೆ. ವಾದ ಸರಿಯಿದೆ. ಫೆಲೋಶಿಪ್ ತಡವಾದ ತಿಂಗಳುಗಳಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಪುಸ್ತಕ ಬಹಳ ಹಿಡಿಸುತ್ತದೆ. ಆದರೆ ಅದು ಪುಸ್ತಕವಾಗಲು ಮೊದಲು ಪಿಎಚ್.ಡಿ. ಬೇಕಾಯಿತು. ಅಂಗಡಿಯಲ್ಲೇ ಬೆಳೆದವನು ಅದೇ ಮಾತು ಹೇಳಿದ್ದರೆ ಅದು ಸುದ್ದಿಯಲ್ಲ, ಅವನು ದಿನಾ ಹೇಳುತ್ತಲೇ ಇರುತ್ತಾನೆ.

ಹಳೆಯ ಯೆಜ್ಡಿಯ ಸುತ್ತ ಈಗ ಇನ್ನೊಂದು ಬಗೆಯ ಮಾತು ಬೆಳೆದಿದೆ, ಹಳಹಳಿಕೆಯ ಮಾತು. ಜಾವಾ ಹೆಸರು 2018ರಲ್ಲಿ ಮತ್ತೆ ಬಂತು, ಯೆಜ್ಡಿ 2022ರಲ್ಲಿ. ವರ್ಷಕ್ಕೊಮ್ಮೆ ಜುಲೈನಲ್ಲಿ ಜಾವಾ-ಯೆಜ್ಡಿ ದಿನ ಎಂದು ಹಳೆಯ ಗಾಡಿಗಳು ಮೆರವಣಿಗೆ ಹೊರಡುತ್ತವೆ, ಫಳಫಳ ಹೊಳೆಯುತ್ತವೆ, ನೋಡಲು ಚೆಂದ. ಅಲ್ಲಿ ಹೆಚ್ಚಾಗಿ ಕೇಳುವುದು ಮಾಲೀಕರ ಕಥೆ: ಅಪ್ಪನ ಗಾಡಿ, ಕಾಲೇಜಿನ ದಿನಗಳು. ಯಾದವಗಿರಿಯ ಕಾರ್ಖಾನೆಯಲ್ಲಿ ಆ ಎಂಜಿನ್ನುಗಳನ್ನು ಜೋಡಿಸಿದವರ ಕಥೆ, ಕಾರ್ಖಾನೆ ಮುಚ್ಚಿದ ಮೇಲೂ ಮೂವತ್ತು ವರ್ಷ ಊರೂರಿನ ಸಣ್ಣ ಅಂಗಡಿಗಳಲ್ಲಿ ಅವನ್ನು ಜೀವಂತ ಇಟ್ಟವರ ಕಥೆ ಕನ್ನಡದಲ್ಲಿ ಬರಬೇಕು. ಬಂದರೆ ಅದು ನೆನಪಿನ ಪುಸ್ತಕವಾಗಿ ಬರದಿರಲಿ ಎಂದು ನನ್ನ ಆಸೆ. ಕೈಪಿಡಿಯಾಗಿ ಬರಲಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ, ಅದು ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆ. ಹೊಸ ಕಾಯಿಲೆಗೆ ಹೊಸ ಮಾತು ಅಂಗಡಿಗಳಲ್ಲಿ ಈಗಾಗಲೇ ಹುಟ್ಟಿರುತ್ತದೆ, ಕೇಳಿ ಬರೆದುಕೊಳ್ಳುವವರು ಬೇಕು.

ಅಂಥ ಕೈಪಿಡಿ ಹೇಗಿರಬೇಕೆಂದು ನೋಟ್‌ಬುಕ್ಕು ನೋಡುತ್ತಾ ಊಹಿಸುತ್ತಿದ್ದೇನೆ. ಇಂಗ್ಲಿಷ್ ಕೈಪಿಡಿಗಳಲ್ಲಿ ಬಿಡಿಸಿಟ್ಟ ಎಂಜಿನ್ನಿನ ಚಿತ್ರ ಇರುತ್ತದೆ. ಭಾಗಗಳೆಲ್ಲ ಒಂದು ಗೆರೆಯ ಮೇಲೆ ಗಾಳಿಯಲ್ಲಿ ತೇಲುತ್ತಿರುತ್ತವೆ, ಪ್ರತಿಯೊಂದಕ್ಕೂ ನಂಬರು. ಆ ಚಿತ್ರದಲ್ಲಿ ಕೈ ಇರುವುದಿಲ್ಲ. ಕನ್ನಡದ ಕೈಪಿಡಿಗೆ ಹೆಸರುಗಳ ಪಟ್ಟಿ ಕೊನೆಗೆ ಬರಬಹುದು, ಇಂಗ್ಲಿಷಿನಲ್ಲೇ ಇರಬಹುದು. ಶುರುವಾಗಬೇಕಾದದ್ದು ಸದ್ದುಗಳಿಂದ: ಏನಂತದೆ, ಎಲ್ಲಿಂದ ಅಂತದೆ, ಬಿಸಿಯಾದ ಮೇಲೆ ಅಂತದಾ, ಮೊದಲೇ ಅಂತದಾ. ಆಮೇಲೆ ಕ್ರಿಯಾಪದಗಳು. ಬರೆಯಬೇಕಾದವರು ಅವರೇ, ಅಥವಾ ಅವರ ಪಕ್ಕ ಕೂತವರು, ಮುಖಪುಟದಲ್ಲಿ ಅವರ ಹೆಸರು ಹಾಕಿ. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಹಾಡು, ಗಾದೆ, ಒಗಟುಗಳನ್ನು ಟೇಪಿನಲ್ಲಿ ಹಿಡಿದ ಶ್ರಮಕ್ಕೆ ಹೋಲಿಸಿದರೆ ಇದು ಕಷ್ಟದ ಕೆಲಸವೇನಲ್ಲ. ಸರಗೂರು, ಹುಣಸೂರು, ಪಿರಿಯಾಪಟ್ಟಣದ ಗ್ಯಾರೇಜುಗಳಿಗೆ ಬಸ್ಸಿದೆ.

ಯೆಜ್ಡಿ ಈಗ ಓಡುತ್ತಿದೆ, ಹಾಲು ಹಾಕಲು ಡೈರಿಯವರೆಗೆ. ಏರು ಬಂದರೆ ಕ್ಲಚ್ಚು ಜಾರುತ್ತದೆ, ಅದಕ್ಕೆ ಎಡಗಡೆಯ ಕವರ್ ಬಿಚ್ಚಬೇಕು. ಡೈನಮೋ ಕಡೆಯಿಂದ ಬರುವ ಸಣ್ಣ ಸದ್ದೊಂದನ್ನು ಫೋನಿನಲ್ಲಿ ಕೇಳಿಸಿದೆ. ಅವರು ತಕ್ಷಣ ಗುರುತು ಹಿಡಿದು ಅದಕ್ಕೊಂದು ಪದ ಹೇಳಿದರು, ಬುಷ್ ಸವೆದಾಗ ಬರುವ ಸದ್ದಂತೆ. ಮೂರು ಸಲ ಹೇಳಿಸಿಕೊಂಡೆ. ಮೊದಲ ಅಕ್ಷರ ‘ಲ’ ಮತ್ತು ‘ಳ’ ನಡುವೆ ಎಲ್ಲೋ ಇದೆ, ಕೊನೆಯದು ಅರ್ಧದಲ್ಲೇ ನುಂಗಿಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇನೆ. ಬುಧವಾರ ಸರಗೂರಿಗೆ ಹೋಗಿ, ಅವರ ಬಾಯಿ ನೋಡಿಕೊಂಡು ಬರೆದುಕೊಳ್ಳಬೇಕು.